ರಾಬಿಗಿನ ಮೇಲ್ಮನೆ

12 ಜುಲೈ 2016, ಮಂಗಳವಾರ

ಮೆಸ್ಸಿಗೆ ಗ್ಯಾಸ್ ಕಳಿಸುವುದನ್ನೂ ಕಂಪೆನಿ ನಿಲ್ಲಿಸಿತು. ಸಂಬಳ ನಿಂತದ್ದು ಚಳಿಗಾಲದಲ್ಲಿ, ಕೆಲಸ ನಿಂತದ್ದು ರಂಜಾನಿಗೆ ಸ್ವಲ್ಪ ಮೊದಲು, ಈಗ ಊಟ. ಇನ್ನು ನಿಲ್ಲಲಿಕ್ಕೆ ಉಸಿರು ಒಂದು ಬಾಕಿ ಎಂದು ಅಡುಗೆಯ ಸಮದಾಕ ಹೇಳಿದರು. ಯಾರೂ ನಗಲಿಲ್ಲ. ಜಿದ್ದಾದಲ್ಲಿರುವ ನಮ್ಮ ಊರಿನವರು ಅಕ್ಕಿ, ಬೇಳೆ, ಒಂದು ಸಿಲಿಂಡರ್ ತಂದುಕೊಟ್ಟರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ನಾನು ಸೌದಿಯ ಈ ರಾಬಿಗ್ ಕ್ಯಾಂಪಿನಲ್ಲಿ ಟೈಮ್‌ಕೀಪರ್ ಆಗಿದ್ದವನು. ಇನ್ನೊಬ್ಬರು ಬಂದ ಹೊತ್ತು, ಹೋದ ಹೊತ್ತು ಬರೆದೇ ವರ್ಷಗಳು ಕಳೆದವು. ಈಗ ಯಾರೂ ಬರುವುದಿಲ್ಲ, ಹೋಗುವುದಿಲ್ಲ, ಆದರೂ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಇದು.

ನಮ್ಮ ಬಿಲ್ಡಿಂಗಿಗೆ ಎರಡು ಮಾಳಿಗೆ. ಕೆಳಗೆ ಫಿಟ್ಟರು, ವೆಲ್ಡರು, ಹೆಲ್ಪರು, ನಾನು. ಮೇಲೆ ಸೂಪರ್‌ವೈಸರ್‌ಗಳು, ಡ್ರಾಯಿಂಗ್ ಮಾಡುವವರು. ಒಬ್ಬನೇ ಏಜೆಂಟ್ ತಂದ ಸರಕಾದ ಕಾರಣ ಒಬ್ಬ ಸೇಫ್ಟಿ ಆಫೀಸರನನ್ನು ಬಿಟ್ಟು ಎಲ್ಲರೂ ಉಡುಪಿ, ಮಂಗಳೂರಿನ ಕಡೆಯವರು. ಬ್ಯಾರಿಗಳು ಬ್ಯಾರಿಯಲ್ಲಿ, ನಾವು ತುಳುವಿನಲ್ಲಿ ಮಾತಾಡುತ್ತೇವೆ. ಜಗಳ ಮಾತ್ರ ಕನ್ನಡದಲ್ಲಿ.

ಇವತ್ತು ಮಂದೂಬ್ ಬಂದಿದ್ದ. ಸರಕಾರಿ ಆಫೀಸುಗಳಿಗೆ ಕಂಪೆನಿಯ ಕಾಗದ ಹೊತ್ತು ತಿರುಗುವವನು. ಕಫೀಲ್, ಅಂದರೆ ನಮ್ಮ ವೀಸಾದ ಧಣಿ, ತಿಂಗಳಿಗೆ ಎಂಟು ಜನ ದೇಶ ಬಿಡುವ ಎಕ್ಸಿಟ್‌ಗೆ ಸಹಿ ಹಾಕುತ್ತಾನಂತೆ, ಟಿಕೆಟೂ ಕೊಡುತ್ತಾನಂತೆ. ಎಂಟು ಹೆಸರನ್ನು ನಾವೇ ಆರಿಸಿ ಕೊಡಬೇಕು. ಜಗಳ ಎದ್ದಿತೆಂದು ಗೊತ್ತಾದರೆ ಯಾರಿಗೂ ಇಲ್ಲ. ಅಷ್ಟು ಹೇಳಿ, ಯಲ್ಲಾ ಎಂದು ಹೊರಟೇ ಹೋದ.

ಮೊದಲ ಎಂಟರಲ್ಲಿ ಜಲೀಲಾಕ ಹೋಗಲೇಬೇಕು. ಫರಂಗಿಪೇಟೆಯ ಅಬ್ದುಲ್ ಜಲೀಲ್, ಪೈಪ್ ಫಿಟ್ಟರ್. ನಮ್ಮ ರೂಮಿನ ಜೋಡಿ ಮಂಚದಲ್ಲಿ ಕೆಳಗೆ ಅವರು, ಮೇಲೆ ನಾನು. ಸಕ್ಕರೆ ಕಾಯಿಲೆ ಉಂಟು. ಬಲಗಾಲ ಹೆಬ್ಬೆರಳ ಬುಡದಲ್ಲಿ ಶೂ ತಾಗಿ ಆದ ಗಾಯ ಒಣಗುವ ಲಕ್ಷಣವೇ ಇಲ್ಲ. ಇಲ್ಲಿ ಇರುವ ಪರ್ಮಿಟ್ಟು, ಇಕಾಮಾ, ಮುಗಿದವನನ್ನು ಕ್ಲಿನಿಕ್ಕಿನವರು ಒಳಗೇ ಬಿಡುವುದಿಲ್ಲ. ಊರಿಗೆ ಮುಟ್ಟಿದರೆ ಔಷಧಿಯಾದರೂ ಆದೀತು. ಅವರ ಹೆಸರಿನ ಬಗ್ಗೆ ಎರಡು ಮಾತಿಲ್ಲ, ಬಾಕಿ ಏಳಕ್ಕೆ ಹೊಡೆದಾಡಿಕೊಳ್ಳಲಿ.

15 ಜುಲೈ, ಶುಕ್ರವಾರ

ಹೊಡೆದಾಟವೇ ಆಯಿತು. ಒಬ್ಬನಿಗೆ ತಂಗಿಯ ಮದುವೆ, ಒಬ್ಬನಿಗೆ ಹೆಂಡತಿಯ ಹೆರಿಗೆ, ಇನ್ನೊಬ್ಬನಿಗೆ ಸುಮ್ಮನೆ ಊರಿಗೆ ಹೋಗಬೇಕು, ಅದೇ ಕಾರಣ. ಒಂದು ಕುರ್ಚಿಯ ಕಾಲು ಮುರಿಯಿತು.

ಆಗ ಮೇಲಿನಿಂದ ರಾಂಪರ್ಸಾದ್ ಇಳಿದು ಬಂದ. ಸೇಫ್ಟಿ ಆಫೀಸರ್, ಕೆರಿಬಿಯನ್ ಸಮುದ್ರದ ಟ್ರಿನಿಡಾಡಿನವನು. ಅವನ ಅಜ್ಜನ ಅಪ್ಪನನ್ನು ಕಬ್ಬಿನ ಗದ್ದೆಗೆಂದು ಇಂಡಿಯಾದಿಂದ ಹಡಗಿನಲ್ಲಿ ಒಯ್ದಿದ್ದರಂತೆ. ನೋಡಲಿಕ್ಕೆ ಥೇಟ್ ಕಾರ್ಕಳದವನು, ಬಾಯಿ ಬಿಟ್ಟರೆ ಬರೀ ಇಂಗ್ಲಿಷು. ನಮ್ಮವರು ಅವನನ್ನು ಪ್ರಸಾದಣ್ಣ ಎನ್ನುತ್ತಾರೆ. ನಾನು ಬಿ.ಎ. ಓದಿದ ಕಾರಣ ಅವನ ಮಾತನ್ನು ಕನ್ನಡ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಅವರ ದೇಶದಲ್ಲಿ ಕೂಡ ಒಂದೇ ಜಾತಿಯವರಲ್ಲ, ಒಬ್ಬರಿಗೊಬ್ಬರು ಆಗುವುದಿಲ್ಲವಂತೆ. ಹಾಗಾಗಿ ಪಾರ್ಲಿಮೆಂಟಿಗೆ ಎರಡು ಮನೆ. ಒಂದರಲ್ಲಿ ಜನ ಓಟು ಹಾಕಿ ಕಳಿಸಿದ ನಲವತ್ತೊಂದು ಮಂದಿ. ಇನ್ನೊಂದು ಸೆನೆಟ್, ಅದರಲ್ಲಿ ಮೂವತ್ತೊಂದು ಮಂದಿ, ಅವರಿಗೆ ಯಾರೂ ಓಟು ಹಾಕುವುದಿಲ್ಲ. ಹದಿನಾರು ಜನ ಪ್ರಧಾನಿ ಹೇಳಿದವರು, ಆರು ಜನ ವಿರೋಧ ಪಕ್ಷದ ನಾಯಕ ಹೇಳಿದವರು. ಉಳಿದ ಒಂಬತ್ತು ಜನರನ್ನು ಅಧ್ಯಕ್ಷರು ಸ್ವಂತ ಬುದ್ಧಿಯಿಂದ ಆರಿಸುತ್ತಾರೆ, ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ ಎನ್ನುವಂಥ ಡಾಕ್ಟರು, ಮಾಸ್ತರುಗಳನ್ನು. ಸಣ್ಣಪುಟ್ಟ ಕಾನೂನಿಗೆ ಹದಿನಾರೇ ಸಾಕು. ಜನರ ಹಕ್ಕಿಗೆ ಕೈ ಹಾಕುವ ದೊಡ್ಡ ವಿಷಯಕ್ಕೆ ಹೆಚ್ಚು ಓಟು ಬೇಕು, ಆಗ ಆ ಒಂಬತ್ತು ಜನರ ಮುಖ ನೋಡಬೇಕು. ಸೆನೆಟ್ ಒಂದು ಕಾನೂನನ್ನು ತಡೆಯಬಹುದು, ಕೊಲ್ಲುವಂತಿಲ್ಲ. ಹಣದ ವಿಷಯವಾದರೆ ಒಂದು ತಿಂಗಳು ಮಾತ್ರ. ಉಳಿದದ್ದನ್ನು ಮೊದಲ ಮನೆಯವರು ಆರು ತಿಂಗಳು ಬಿಟ್ಟು, ಮುಂದಿನ ಅಧಿವೇಶನದಲ್ಲಿ ಪುನಃ ಕಳಿಸಿದರೆ ಮತ್ತೆ ತಡೆಯಲಿಕ್ಕಾಗುವುದಿಲ್ಲ.

ಒಂದು ಮನೆ ಸಿಟ್ಟಿನಲ್ಲಿ ಮಾಡಿದ್ದನ್ನು ಇನ್ನೊಂದು ಮನೆ ತಣ್ಣಗೆ ಕೂತು ನೋಡಲಿ ಎಂದು ಹೀಗೆ, ಎಂದ. ನಮ್ಮವರಿಗೆ ಬಹಳ ಹಿಡಿಸಿತು. ನನಗೂ ಎಷ್ಟೋ ದಿನದ ಮೇಲೆ ಮಂಡೆಗೆ ಒಂದು ಕೆಲಸ ಸಿಕ್ಕಿದ ಹಾಗಾಯಿತು.

17 ಜುಲೈ, ಭಾನುವಾರ

ಮೆಸ್ಸಿನ ಗೋಡೆಗೆ ನಿಯಮ ಬರೆದು ಅಂಟಿಸಿದೆ. ಅಕ್ಷರ ಚೆನ್ನಾಗಿ ಬಂದಿದೆ. ಎರಡು ಮನೆಗೆ ಪುಸ್ತಕದಲ್ಲಿರುವ ಹೆಸರನ್ನೇ ಬರೆದೆ: ಕೆಳಮನೆ, ಮೇಲ್ಮನೆ. ಎಂಟು ಹೆಸರಿನ ಪಟ್ಟಿ ಕೆಳಮನೆ ಮಾಡುವುದು, ಮೇಲ್ಮನೆ ಅದನ್ನು ನೋಡಿ ಒಪ್ಪುವುದು ಅಥವಾ ತಡೆಯುವುದು.

ಮಧ್ಯಾಹ್ನದ ಹೊತ್ತಿಗೆ ಮೇಲಿನವರು ತಮ್ಮ ವರಾಂಡದಲ್ಲಿ ಕುರ್ಚಿ ಜೋಡಿಸುತ್ತಿದ್ದಾರೆ! ಹಿರಿಯ ಸೂಪರ್‌ವೈಸರ್ ಶರೀಫ್ ಸರ್ ಮೆಟ್ಟಿಲಲ್ಲಿ ಸಿಕ್ಕಿ, ಒಳ್ಳೇದಾಯ್ತು ಸುಶಾಂತ್, ಮೇಲ್ಮನೆ ನಮಗೆ, ಕೆಳಮನೆ ನಿಮಗೆ, ಇನ್ನು ತಕರಾರು ಬೇಡ ಎಂದರು. ನಾನು ಓಡಿ ಬಂದು ಕೆಳಗೆ ಹೇಳಿದರೆ ಇವರೂ ಹಾಗೆಯೇ ತಿಳಿದಿದ್ದಾರೆ. ಮೇಲೆ ಇರುವವರ ಮನೆ ಮೇಲ್ಮನೆ ಅಲ್ಲದೆ ಮತ್ತೆಂತ, ಎಂದು ನನ್ನನ್ನೇ ಕೇಳುತ್ತಾರೆ. ಕೆಳಗಿನ ರೂಮುಗಳಿಂದ ಆರಿಸಿಯೂ ಆಯಿತಂತೆ.

ಈ ಮೂರ್ಖತನಕ್ಕೆ ನಗಬೇಕೋ ಅಳಬೇಕೋ. ರಾಂಪರ್ಸಾದನಿಗೆ ತಿಳಿಸಿದೆ. ಅವನಿಗೆ ಗಾಬರಿಯಾಯಿತು. ತಮ್ಮಲ್ಲಿ ಎರಡೂ ಒಂದೇ ಕಟ್ಟಡದಲ್ಲಿ ಕೂರುತ್ತವೆ, ಮೇಲೆ ಕೆಳಗೆ ಎಂಬುದು ಬರೀ ಹೆಸರು, ಎರಡಕ್ಕೂ ಎಲ್ಲ ರೂಮುಗಳಿಂದ ಜನ ಬರಬೇಕು, ನಾಳೆಯೇ ಹೇಳಿ ಸರಿ ಮಾಡು ಎಂದ. ಮಾಡಬೇಕು. ಚೀಟಿಯನ್ನು ನಾಳೆ ತಿದ್ದಿ ಬರೆಯುತ್ತೇನೆ.

18 ಜುಲೈ, ಸೋಮವಾರ

ಸಮದಾಕ ಅಧ್ಯಕ್ಷರು. ಅನ್ನ ಹಂಚುವ ಕೈ ಅವರದ್ದು, ಯಾರಿಗೂ ಹೆಚ್ಚು ಹಾಕಿದವರಲ್ಲ, ಹಾಗಾಗಿ ಎಲ್ಲರೂ ಒಪ್ಪಿದರು. ಯಾವ ಕಡೆಗೂ ಸೇರದ ಒಬ್ಬನನ್ನು ಮೇಲ್ಮನೆಗೆ ಹಾಕುವ ಅಧಿಕಾರ ಅವರಿಗೆ. ಅವರು ನನ್ನನ್ನು ಹಾಕಿದರು. ಮೇಲಿನ ರೂಮುಗಳಿಂದ ಆರು, ನಾನು ಏಳನೆಯವನು.

ಮೇಲ್ಮನೆಗೆ ಆದವನು ಕೆಳಗೆ ಮಲಗುವುದು ಹೇಗೆ ಎಂದು ನನ್ನ ಹಾಸಿಗೆಯನ್ನು ಅವರೇ ಹೊತ್ತುಕೊಂಡು ಹೋದರು. ಜಲೀಲಾಕ ತಲೆದಿಂಬು ಎತ್ತಿ ಕೊಟ್ಟು ನಕ್ಕರು. "ಹೋಗು ಮಾರಾಯ. ನಮ್ಮವ ಒಬ್ಬ ಮೇಲೆ ಇದ್ದರೆ ಒಳ್ಳೇದೇ ಅಲ್ವಾ?"

ಮೇಲಿನ ಎ.ಸಿ. ಸರಿ ಇದೆ. ಕೆಳಗಿನದು ಬರೀ ಗುಡುಗುವುದು, ತಂಪು ಇಲ್ಲ. ಎಷ್ಟು ಕಾಲವಾಯಿತು ಬೆವರದೆ ಮಲಗಿ! ಚೀಟಿ ತಿದ್ದುವುದು ಬಾಕಿ ಉಂಟು.

30 ಜುಲೈ, ಶನಿವಾರ

ಕೆಳಮನೆಯ ಮೊದಲ ಪಟ್ಟಿ ಮೇಲೆ ಬಂತು. ಮೊದಲನೆಯ ಹೆಸರೇ ಜಲೀಲಾಕ. ಶರೀಫ್ ಸರ್ ಒಂದು ಪ್ರಶ್ನೆ ಎತ್ತಿದರು. ಕಾಯಿಲೆ ಎಂದು ಕೊಡುವುದಾದರೆ ಡಾಕ್ಟರ ಸರ್ಟಿಫಿಕೇಟ್ ಎಲ್ಲಿ? ಇವತ್ತು ಇವರಿಗೆ ಹಾಗೇ ಬಿಟ್ಟರೆ ನಾಳೆ ಸೊಂಟನೋವಿನವ ಬರುತ್ತಾನೆ, ಎದೆನೋವಿನವ ಬರುತ್ತಾನೆ. ಹಾಗೆ ಕೇಳಿದರೆ ತಪ್ಪಿಲ್ಲ. ಇಕಾಮಾ ಇಲ್ಲದವರಿಗೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಎಂದು ನಾನು ಕೇಳಿದೆ. ಅದು ಬೇರೆ ವಿಷಯ ಎಂದರು.

ಮೂರು ಮೂರು ಸಮ ಆಯಿತು. ಎಲ್ಲರೂ ನನ್ನ ಮುಖ ನೋಡಿದರು. ಹೆಸರು ಹೊಡೆದು ಹಾಕುವುದಲ್ಲ, ಮುಂದಿನ ತಿಂಗಳಿಗೆ ಇಡುವುದು, ಅಷ್ಟೇ ಎಂದು ಖಚಿತ ಮಾಡಿಕೊಂಡೇ ಕೈ ಎತ್ತಿದೆ. ಜಲೀಲಾಕನ ಜಾಗಕ್ಕೆ ರಾಂಪರ್ಸಾದನ ಹೆಸರು ಬಂತು. ಅವನ ಅಮ್ಮನಿಗೂ ವಯಸ್ಸಾಗಿದೆ ಪಾಪ.

ಕೆಳಗೆ ಹೋಗಿ ನಾನೇ ಹೇಳಿದೆ. ಜಲೀಲಾಕ, ಆಯ್ತು, ಒಂದು ತಿಂಗಳಲ್ವಾ ಎಂದರು. ಗಾಯಕ್ಕೆ ಬಟ್ಟೆ ಸುತ್ತಿಕೊಂಡಿದ್ದರು.

9 ಆಗಸ್ಟ್, ಮಂಗಳವಾರ

ಎಂಟು ಜನ ಹೋದರು. ರಾಂಪರ್ಸಾದ್ ಎಲ್ಲರನ್ನೂ ತಬ್ಬಿದ, ಜಲೀಲಾಕನನ್ನೂ. ಯಾರ ಬದಲಿಗೆ ತಾನು ಹೋಗುತ್ತಿದ್ದೇನೆಂದು ಅವನಿಗೆ ಯಾರೂ ಇಂಗ್ಲಿಷಿನಲ್ಲಿ ಹೇಳಿಲ್ಲ. ವ್ಯಾನು ಹತ್ತುವಾಗ ಗೋಡೆಯ ಚೀಟಿ ಸರಿ ಮಾಡಿದೆಯಾ ಎಂದು ಕೇಳಿದ. ಮಾಡುತ್ತೇನೆ ಎಂದೆ. ಈಗ ಎಲ್ಲರಿಗೂ ಅಭ್ಯಾಸವಾಗಿದೆ. ನಡೆಯುವ ಗಾಡಿಯ ಚಕ್ರ ಯಾಕೆ ಬಿಚ್ಚುವುದು?

22 ಆಗಸ್ಟ್, ಸೋಮವಾರ

ಜಲೀಲಾಕನ ಹೆಂಡತಿ ಖದೀಜತ್ ಊರಿನಿಂದ ನನಗೆ ಫೋನು ಮಾಡಿದರು. ಇದುವರೆಗೆ ನನ್ನೊಡನೆ ಮಾತಾಡಿದವರಲ್ಲ. ಗಂಡ ಗಾಯ ಸಣ್ಣದು ಎನ್ನುತ್ತಾರಂತೆ, ಆದರೆ ವಿಡಿಯೋದಲ್ಲಿ ಕಾಲು ತೋರಿಸಲಿಕ್ಕೆ ಕೇಳುವುದಿಲ್ಲವಂತೆ. "ಸುಶಾಂತಣ್ಣ, ನೀವು ಅಲ್ಲಿ ಮೇಲಿನ ಸಭೆಯಲ್ಲಿ ಇದ್ದೀರಂತೆ. ಇವರದ್ದೊಂದು ಮಾತು ಹೇಳಿ. ನನಗೆ ಬೇರೆ ಯಾರೂ ಗೊತ್ತಿಲ್ಲ."

ಖಂಡಿತ ಎಂದೆ. ಈ ಸಲ ಬಿಡುವುದಿಲ್ಲ. ಇಳಿದು ಹೋಗಿ ನೋಡಿ ಬರಬೇಕೆಂದಿದ್ದೆ. ಕೆಳಗೆ ಸೆಕೆ, ಮತ್ತು ಆ ರೂಮಿನಲ್ಲಿ ಈಗ ಒಂದು ವಾಸನೆ.

3 ಸೆಪ್ಟೆಂಬರ್, ಶನಿವಾರ

ಇವತ್ತಿನ ಕಲಾಪ ದೊಡ್ಡದು. ಕೆಳಗಿನವರು ಪುನಃ ಜಲೀಲ್ ಹೆಸರನ್ನೇ ಮೊದಲು ಹಾಕಿ ಕಳಿಸಿದ್ದಾರೆ. ಅವರ ಪರವಾಗಿ ಬಂದ ವೆಲ್ಡರ್ ಸಫ್ವಾನ್ ಮೆಟ್ಟಿಲಲ್ಲೇ ನಿಂತು, ಎರಡನೇ ಸಲ ಕಳಿಸಿದ್ದನ್ನು ಮೇಲ್ಮನೆ ತಡೆಯುವ ಹಾಗಿಲ್ಲ, ಪ್ರಸಾದಣ್ಣ ಹೇಳಿದ್ದಾನೆ, ನೀನೇ ಕನ್ನಡ ಮಾಡಿದ್ದು ಎಂದ. ಶರೀಫ್ ಸರ್ ಹೌದಾ ಎಂದು ನನ್ನನ್ನೇ ಕೇಳಿದರು.

ಆಗ ನನಗೆ ನೆನಪಾಯಿತು. ಎರಡನೇ ಸಲ ಕಳಿಸಿದರೆ ತಡೆಯುವಂತಿಲ್ಲ, ನಿಜ. ಆದರೆ ಎರಡರ ನಡುವೆ ಆರು ತಿಂಗಳು ಕಳೆದಿರಬೇಕು. ಅದನ್ನು ಎದ್ದು ನಿಂತು ಹೇಳಿದೆ. ನಾನು ಇದ್ದದ್ದನ್ನು ಹೇಳಿದ್ದು, ನಿಯಮ ನಾನು ಮಾಡಿದ್ದಲ್ಲ. ಶರೀಫ್ ಸರ್ ಬೆನ್ನು ತಟ್ಟಿದರು, ಇಷ್ಟು ಜನರಲ್ಲಿ ಓದಿ ತಿಳಿದವ ನೀನೊಬ್ಬ ಎಂದರು. ಬಹಳ ಕಾಲವಾಗಿತ್ತು ನನ್ನನ್ನು ಯಾರಾದರೂ ಹಾಗೆ ಹೊಗಳಿ.

ಸರ್ಟಿಫಿಕೇಟ್ ಬರುವವರೆಗೆ ಅರ್ಜಿ ಬಾಕಿ ಎಂದು ತೀರ್ಮಾನ. ಆ ಜಾಗಕ್ಕೆ ಡ್ರಾಯಿಂಗಿನ ಫಾಝಿಲ್. ಅವನ ಮದುವೆಯ ದಿನ ಗೊತ್ತಾಗಿದೆ. ಮುಂದಿನ ಪಟ್ಟಿಯಲ್ಲಿ ನನ್ನ ಹೆಸರನ್ನು ಹಾಕುವ ಮಾತೂ ಬಂತು. ನಾನಾಗಿ ಕೇಳಿದ್ದಲ್ಲ.

ತೀರ್ಮಾನ ಓದಲಿಕ್ಕೆ ಕೆಳಗೆ ಹೋದೆ. ಜಲೀಲ್ ಮಲಗಿದ್ದಲ್ಲಿಂದ ಏಳಲಿಲ್ಲ. "ಆರು ತಿಂಗಳು ಅಂತ ಪ್ರಸಾದಣ್ಣ ಹೇಳಿದ್ದಾ, ನೀನು ಹೇಳಿದ್ದಾ?" ಎಂದು ಕೇಳಿದರು. ಪ್ರಸಾದಣ್ಣ ಎಂದೆ. ಅದು ಸತ್ಯವೇ. ಅವರು ಮುಖ ಗೋಡೆಯ ಕಡೆ ತಿರುಗಿಸಿದರು.

12 ಸೆಪ್ಟೆಂಬರ್, ಬಕ್ರೀದ್

ಜಿದ್ದಾದವರು ಬಿರಿಯಾನಿ ತಂದರು. ಜಲೀಲ್ ತಿನ್ನಲಿಲ್ಲವಂತೆ, ಅವರ ಪಾಲನ್ನು ಸುಶಾಂತನಿಗೆ ಕೊಡಿ ಎಂದರಂತೆ. ಸಮದಾಕ ಮೇಲೆ ತಂದಿಟ್ಟು ಇಳಿದು ಹೋದರು.

ತಿಂದೆ. ಬಿಸಾಡಿದರೆ ಪ್ರಯೋಜನ ಉಂಟಾ?

21 ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಕೆಳಗಿನಿಂದ ಗದ್ದಲ. ಜಲೀಲಾಕನಿಗೆ ಜ್ವರ ಏರಿ ಮಾತು ತೊದಲುತ್ತಿತ್ತು. ಕಾಲು ಹಿಮ್ಮಡಿಯವರೆಗೆ ಕಪ್ಪು. ನಾನು ಬಾಗಿಲಲ್ಲಿ ನಿಂತೆ, ಒಳಗೆ ಹೋಗಲಿಕ್ಕೆ ನನ್ನಿಂದ ಆಗಲಿಲ್ಲ. ಆಂಬುಲೆನ್ಸಿನವರು ಇಕಾಮಾ ಕೇಳಲೇ ಇಲ್ಲ. ಸುಮ್ಮನೆ ಎತ್ತಿಕೊಂಡು ಹೋದರು.

ಮೊದಲೇ ಕರೆದಿದ್ದರೆ ಬರುತ್ತಿದ್ದರೋ ಏನೋ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಪೊಲೀಸು, ಜೈಲು ಎಂದು ಎಲ್ಲರೂ ಹೆದರಿದ್ದರು.

27 ಸೆಪ್ಟೆಂಬರ್, ಮಂಗಳವಾರ

ಮೊಣಕಾಲಿನ ಕೆಳಗೆ ಕತ್ತರಿಸಿದರು.

5 ಅಕ್ಟೋಬರ್, ಬುಧವಾರ

ಸಫ್ವಾನ್ ಆಸ್ಪತ್ರೆಯಿಂದ ಕಾಗದ ತಂದು ನನ್ನ ಕೈಗೆ ಕೊಟ್ಟ. ಅರಬಿಯಲ್ಲೂ ಇಂಗ್ಲಿಷಿನಲ್ಲೂ ಇದೆ, ಡಾಕ್ಟರ ಸಹಿ, ಮೊಹರು ಎಲ್ಲ ಸರಿಯಾಗಿದೆ. ನಿಮಗೆ ಬೇಕಾಗಿದ್ದ ಸರ್ಟಿಫಿಕೇಟ್, ತಕ್ಕೊಳ್ಳಿ ಎಂದ. ನನಗೆ ಬಹುವಚನ ಹಾಕಿ ಮಾತಾಡಿದ್ದು ಅವನು ಇದೇ ಮೊದಲು.

ಸಂಜೆ ಮೇಲ್ಮನೆ ಸೇರಿತು. ಅಬ್ದುಲ್ ಜಲೀಲ್ ಅವರ ಅರ್ಜಿಯನ್ನು ಅವಿರೋಧವಾಗಿ ಒಪ್ಪಿಕೊಳ್ಳಲಾಯಿತು. ಠರಾವನ್ನು ನಾನೇ ಬರೆದೆ.

ಆಮೇಲೆ ಗೊತ್ತಾಯಿತು, ಆಸ್ಪತ್ರೆಯವರು ಒತ್ತಾಯ ಮಾಡಿದ್ದಕ್ಕೆ ಮಂದೂಬ್ ನಿನ್ನೆಯೇ ಜಲೀಲರ ಎಕ್ಸಿಟ್ ಹೊಡೆಸಿ ಟಿಕೆಟ್ ತೆಗೆದಿದ್ದಾನೆ. ನಮ್ಮನ್ನು ಕೇಳಲೇ ಇಲ್ಲ. ಫೋನು ಮಾಡಿದೆ. ಯಾವ ಪಟ್ಟಿ ಎಂದು ಕೇಳಿದ. ಮುಂದಿನ ಎಂಟರ ಪಟ್ಟಿ, ನನ್ನ ಹೆಸರು ಉಂಟು ಎಂದೆ. ಕಫೀಲನ ಆಫೀಸಿಗೆ ಬೀಗ ಬಿದ್ದಿದೆ, ಇನ್ನು ಪಟ್ಟಿ ಇಲ್ಲ, ಹಲಾಸ್ ಎಂದ. ಮುಗಿಯಿತು ಎಂದು ಅರ್ಥ. ಶರೀಫ್ ಸರ್‌ಗೆ ತಿಳಿಸಿದರೆ ಅವರು ಕುರ್ಚಿಯಿಂದ ಏಳದೆ, ಮುಂದಿನ ಸಭೆ ಎಂದಿಗೆ ಇಡುವ ಎಂದು ಕೇಳಿದರು. ಶನಿವಾರ ಎಂದು ಬರೆದುಕೊಂಡೆ.

8 ಅಕ್ಟೋಬರ್, ಶನಿವಾರ

ಜಲೀಲಾಕನನ್ನು ಆಸ್ಪತ್ರೆಯಿಂದ ಸೀದಾ ಜಿದ್ದಾ ಏರ್‌ಪೋರ್ಟಿಗೆ ಕರೆದೊಯ್ಯುವ ವ್ಯಾನು ಐದು ನಿಮಿಷ ಇಲ್ಲಿ ನಿಂತಿತು, ಅವರ ಪೆಟ್ಟಿಗೆ ಹಾಕಿಕೊಳ್ಳಲಿಕ್ಕೆ. ಇಳಿದು ಹೋದೆ. ಅವರು ಹಿಂದಿನ ಸೀಟಿನಲ್ಲಿ ಬಿಳಿಚಿ ಕೂತಿದ್ದರು, ಮಡಿಲಿಗೆ ಒಂದು ಚಾದರ. ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ. ಬೈದಿದ್ದರೆ ಒಳ್ಳೇದಿತ್ತು.

"ಸುಶಾಂತ, ಖದೀಜಳಿಗೆ ಕಾಲಿನದ್ದು ಹೇಳಲಿಲ್ಲ. ನನ್ನಿಂದ ಆಗಲಿಲ್ಲ ಮಾರಾಯ. ಗಾಯಕ್ಕೆ ಆಪರೇಷನ್ ಅಂತ ಮಾತ್ರ ಹೇಳಿದ್ದು. ನಾನು ಅಲ್ಲಿ ಇಳಿಯುವ ಮೊದಲು ನೀನೊಂದು ಫೋನು ಮಾಡಿ ಹೇಳು. ಅವಳು ಅಲ್ಲಿ ಎಲ್ಲರೆದುರು ನೋಡಿ ಬೀಳಬಾರದು. ಇದೊಂದು ಮಾಡು."

ಮಾಡುತ್ತೇನೆ ಎಂದು ಅವರ ಕೈ ಹಿಡಿದು ಹೇಳಿದೆ. ಕೈ ತಣ್ಣಗಿತ್ತು. ಅವರು ಬಿಡಿಸಿಕೊಳ್ಳಲೂ ಇಲ್ಲ, ಹಿಡಿಯಲೂ ಇಲ್ಲ.

ಮುಂಬಯಿ ಮೂಲಕ ಹೋಗುವುದು, ನಾಳೆ ಮಧ್ಯಾಹ್ನ ಮಂಗಳೂರಿನ ಬಜ್ಪೆ ಏರ್‌ಪೋರ್ಟು. ಸಮಯ ಉಂಟು. ಈಗ ಹೇಳಿದರೆ ಆ ಹೆಂಗಸು ಇಡೀ ರಾತ್ರಿ ಅಳುತ್ತಾರೆ. ನಿದ್ದೆಯಾದರೂ ಮಾಡಲಿ. ಬೆಳಿಗ್ಗೆ ಮಾಡುತ್ತೇನೆ. ಇವತ್ತು ಸಭೆಯೂ ಇತ್ತು. ಆದರೆ ಪಟ್ಟಿ ಇಲ್ಲದ ಕಾರಣ ಚರ್ಚೆಗೆ ವಿಷಯ ಇರಲಿಲ್ಲ, ಮುಂದೂಡಿದೆವು.

9 ಅಕ್ಟೋಬರ್, ಭಾನುವಾರ

ಬೆಳಿಗ್ಗೆ ಎರಡು ಸಲ ಫೋನು ಕೈಗೆ ತೆಗೆದುಕೊಂಡೆ. ಎಂತ ಹೇಳುವುದು, ಎಲ್ಲಿಂದ ಶುರು ಮಾಡುವುದು? ಊರಲ್ಲಿ ಅಡುಗೆಯ ಹೊತ್ತು, ಸ್ವಲ್ಪ ಬಿಟ್ಟು ಮಾಡುವ ಎಂದುಕೊಂಡೆ. ಆಮೇಲೆ ನಮಾಜಿನ ಹೊತ್ತಾಯಿತು.

ಕೊನೆಗೆ ಖದೀಜತ್ ಅವರೇ ಫೋನು ಮಾಡಿದರು. ಜೀಪಿನಲ್ಲಿದ್ದರು, ಹಿಂದೆ ಮಕ್ಕಳ ಗಲಾಟೆ, ಯಾರೋ ಹಾರನ್ ಹೊಡೆಯುತ್ತಿದ್ದರು. ವಿಮಾನ ಮುಂಬಯಿಯಿಂದ ಹೊರಟಿತಂತೆ, ತಾವೆಲ್ಲ ಬಜ್ಪೆ ಗುಡ್ಡೆ ಹತ್ತುತ್ತಿದ್ದೇವೆ ಎಂದರು.

"ಸುಶಾಂತಣ್ಣ, ನೀವು ಮಾತು ಉಳಿಸಿದಿರಿ. ಮೇಲಿನ ಸಭೆಯವರು ಎಲ್ಲರೂ ಒಪ್ಪಿದ್ರು ಅಂತ ಸಮದಾಕ ಹೇಳಿದ್ರು. ನಿಮ್ಮ ಉಪಕಾರ ನಾವು ಮರೆಯುದಿಲ್ಲ."

ನಾನು ಬಾಯಿ ತೆರೆದೆ. ಖಂಡಿತ ಹೇಳುವವನಿದ್ದೆ.

ಅಷ್ಟರಲ್ಲಿ ಅವರೇ ಮುಂದುವರಿಸಿದರು. ಗಾಯದ ಕಾಲಿಗೆ ತಾಗಬಾರದೆಂದು ಹಂಪನಕಟ್ಟೆಯಿಂದ ಮೆತ್ತಗಿನ ಚಪ್ಪಲಿ ತಂದಿದ್ದಾರಂತೆ. ಇವರು ಊರಿಗೆ ಬಂದು ಹೋಗಿ ವರ್ಷಗಳಾದವು, ಅಳತೆ ಸರಿಯಾಗಿ ನೆನಪಿಲ್ಲ, ನೀವು ಜೊತೆಗೆ ಇದ್ದವರು ಎಂದರು.

"ಒಂಬತ್ತು ಅಲ್ವಾ ಅಣ್ಣ?"

ಹೌದು, ಒಂಬತ್ತು ಎಂದೆ.